ಜೀಪಿನ ಹುಡ್ ಹೊಲಿಯುವ ಅಂಗಡಿಯ ಸೈಕಲ್ ಚೀಲಗಳು: ಎರಡು ವರ್ಷಗಳ ಬಳಕೆಯ ನಂತರ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮುಳ್ಳೇರಿಯಾದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಒಂದು ಪಂಕ್ಚರ್ ಅಂಗಡಿಗೂ ಒಂದು ಅಡಿಕೆ ಖರೀದಿಯ ಕೋಣೆಗೂ ನಡುವೆ, ಜೀಪು ಮತ್ತು ರಿಕ್ಷಾಗಳ ಸೀಟುಗಳನ್ನೂ ಹುಡ್‌ಗಳನ್ನೂ, ಅಂದರೆ ಮೇಲಿನ ಹೊದಿಕೆಗಳನ್ನೂ, ಹೊಲಿದುಕೊಡುವ ಸಣ್ಣ ಅಂಗಡಿಯೊಂದಿದೆ. ಅದರ ಹೆಸರು ಬರೆಯೋಣವೆಂದರೆ ಫಲಕದ ಬಣ್ಣವೆಲ್ಲ ಮಳೆಗೆ ತೊಳೆದುಹೋಗಿ, ಮಲಯಾಳ ಲಿಪಿಯಲ್ಲಿ ‘ವರ್ಕ್ಸ್’ ಎಂಬುದೊಂದು ಮಾತ್ರ ಉಳಿದಿದೆ. ಅಂಗಡಿಯವರಿಗೂ ಹೆಸರಿನ ಅಗತ್ಯ ಬಿದ್ದಂತೆ ಕಾಣುವುದಿಲ್ಲ. 2023ರ ಮಳೆಗಾಲದ ಆರಂಭದಲ್ಲಿ ನಾನು ಅಲ್ಲಿ ನನ್ನ ಸೈಕಲ್ಲಿಗೆ ಮೂರು ಚೀಲಗಳನ್ನು ಹೊಲಿಸಿಕೊಂಡೆ. ಆ ಚೀಲಗಳು ಕೊಡಗಿನ ಘಟ್ಟವನ್ನೂ ಹಿಮಾಚಲದ ಸ್ಪಿತಿ ಕಣಿವೆಯನ್ನೂ ಕಂಡು ಬಂದಿವೆ. ದೂರದ ಬೆಟ್ಟದ ಹಾದಿಗಳಲ್ಲಿ ದಿನಗಟ್ಟಲೆ ಸೈಕಲ್ ತುಳಿಯುವ ಉದ್ದೇಶವುಳ್ಳವರು ಇಂಥ ಊರಿನ ಹೊಲಿಗೆಯನ್ನು ನಂಬಬಹುದೇ, ನಂಬುವುದಾದರೆ ಎಷ್ಟರ ಮಟ್ಟಿಗೆ, ಎಂಬುದಷ್ಟೇ ಈ ಬರಹದ ವಿಷಯ.

ಬೈಕ್‌ಪ್ಯಾಕಿಂಗ್ ಎಂದಾಗ ನಮ್ಮ ಕಡೆಯವರು ಮೋಟಾರು ಬೈಕಿನ ತಿರುಗಾಟವೆಂದೇ ತಿಳಿಯುವುದರಿಂದ ಒಂದೆರಡು ಮಾತು ಹೇಳಬೇಕಾಗುತ್ತದೆ. ಸೈಕಲ್ಲಿನ ಹಿಂದೆ ಕ್ಯಾರಿಯರ್ ಬಿಗಿದು, ಅದರ ಎರಡು ಪಕ್ಕಗಳಲ್ಲಿ ಚೀಲ ತೂಗುಹಾಕಿ ಹೋಗುವುದು ಹಳೆಯ ಕ್ರಮ. ಡಾಮರು ರಸ್ತೆಗೆ ಈಗಲೂ ಅದೇ ಅನುಕೂಲ. ಆದರೆ ಕಲ್ಲು ತುಂಬಿದ ಹಾದಿಯಲ್ಲಿ ದಿನವಿಡೀ ಕುಲುಕಿದಾಗ ಕ್ಯಾರಿಯರಿನ ಬೋಲ್ಟುಗಳು ಸಡಿಲುತ್ತವೆ, ಅಗಲವಾಗಿ ಚಾಚಿಕೊಂಡ ಚೀಲಗಳು ಹಾದಿಬದಿಯ ಮಣ್ಣಿನ ಬರೆಗೂ ಪೊದೆಗೂ ತಗಲುತ್ತವೆ, ಸೈಕಲ್ಲನ್ನು ಹೆಗಲಿಗೇರಿಸಿ ತೊರೆ ದಾಟುವಾಗ ಇಡೀ ಹೊರೆ ಒಂದೇ ಕಡೆಗೆ ಜಗ್ಗುತ್ತದೆ. ಆದ್ದರಿಂದ ಕ್ಯಾರಿಯರನ್ನೇ ಬಿಟ್ಟು, ಚೌಕಟ್ಟಿನ ತ್ರಿಕೋನದ ಒಳಗೆ ಒಂದು, ಸೀಟಿನ ಹಿಂದೆ ಒಂದು, ಹ್ಯಾಂಡಲಿನ ಮುಂದೆ ಒಂದು ಎಂಬಂತೆ ಚೀಲಗಳನ್ನು ಪಟ್ಟಿಗಳಿಂದ ಸೈಕಲ್ಲಿಗೇ ಬಿಗಿಯುವ ಪದ್ಧತಿ ಬಂದಿದೆ. ಬೈಕ್‌ಪ್ಯಾಕಿಂಗ್ ಎಂದರೆ ಇದೇ. ಅಲಾಸ್ಕಾದ ಹಿಮದ ಹಾದಿಗಳಲ್ಲಿ 1987ರಿಂದ ನಡೆದ ಇಡಿಟಾಬೈಕ್‌ನಂಥ ಪಂದ್ಯಗಳಲ್ಲಿ ಇದರ ಬೇರುಗಳಿವೆ. ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯವರೆಗೆ ಸುಮಾರು 4,400 ಕಿ.ಮೀ. ಸಾಗುವ ಟೂರ್ ಡಿವೈಡ್ ಎಂಬ ಸೈಕಲ್ ಪಂದ್ಯ ಅದನ್ನು ಜಗತ್ತಿಗೆ ಪರಿಚಯಿಸಿತು. ಅಲ್ಲಿಯ ಸವಾರರೂ ಮೊದಮೊದಲು ತಮ್ಮ ಚೀಲಗಳನ್ನು ತಾವೇ ಹೊಲಿದುಕೊಂಡವರು ಎಂಬುದು, ನಾನು ಹುಡ್ ಹೊಲಿಯುವವರ ಬಾಗಿಲು ತಟ್ಟುವಾಗ ನನಗೆ ಸ್ವಲ್ಪ ಧೈರ್ಯ ಕೊಟ್ಟ ಸಂಗತಿ.

ಬಾಗಿಲು ತಟ್ಟಲು ಕಾರಣವಾದದ್ದು 2022ರ ಓಣಂ ರಜೆಯ ಪ್ರಯಾಣ. ಕಾಸರಗೋಡಿನಲ್ಲಿ ಸೈಕಲ್ಲನ್ನು ಮಂಗಳಾ ಎಕ್ಸ್‌ಪ್ರೆಸ್ಸಿನ ಲಗೇಜು ಡಬ್ಬಿಗೆ ಹಾಕಿಸಿ, ದೆಹಲಿಯಿಂದ ಮನಾಲಿಗೆ ಬಸ್ಸು ಹಿಡಿದು, ಅಲ್ಲಿಂದ 3,978 ಮೀಟರ್ ಎತ್ತರದ ರೋಹ್ತಾಂಗ್ ದಾಟಿ ಸ್ಪಿತಿಗೆ ಹೊರಟಿದ್ದೆ. ಆಗ ನನ್ನ ಬಳಿ ಇದ್ದದ್ದು ಹೆಸರುವಾಸಿಯಾದ ಬ್ರಾಂಡೊಂದರ ಚೀಲಗಳು, ಮೂರಕ್ಕೂ ಸೇರಿ ಇಪ್ಪತ್ತಾರು ಸಾವಿರ ರೂಪಾಯಿ. ಗ್ರಾಂಫೂದಿಂದ ಬಾತಲ್‌ವರೆಗೆ ಚಂದ್ರಾ ನದಿಯ ದಡದಲ್ಲಿ ಸಾಗುವ ಹಾದಿಯನ್ನು ರಸ್ತೆಯೆನ್ನುವುದು ಔದಾರ್ಯದ ಮಾತು. ಅದು ಉರುಟು ಕಲ್ಲುಗಳ ಹಾಸು, ಮಧ್ಯೆ ಮಧ್ಯೆ ಬೆಟ್ಟದಿಂದಿಳಿದು ಹಾದಿಯ ಮೇಲೆಯೇ ಹರಿಯುವ ತೊರೆಗಳು. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ಅವುಗಳ ನೀರು ಏರುವುದರಿಂದ ಬೆಳಗ್ಗೆಯೇ ದಾಟಿಬಿಡಬೇಕು. ಛತ್ರು ಕಳೆದ ಮೇಲೆ ಸೀಟಿನ ಚೀಲ ಒಂದು ಪಕ್ಕಕ್ಕೆ ವಾಲತೊಡಗಿತು. ನೋಡಿದರೆ ಸೀಟಿನ ಸರಳುಗಳಿಗೆ ಬಿಗಿಯುವ ಪಟ್ಟಿ ಚೀಲಕ್ಕೆ ಸೇರುವ ಜಾಗದಲ್ಲಿ ಬಟ್ಟೆಯೇ ಹರಿದಿತ್ತು. 4,551 ಮೀಟರ್ ಎತ್ತರದ ಕುಂಜುಮ್ ಘಟ್ಟವನ್ನು ಮಲಗುವ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಏರಬೇಕಾಯಿತು. ಸ್ಪಿತಿಯ ಮುಖ್ಯ ಊರಾದ ಕಾಜಾದಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಶ್ರದ್ಧೆಯಿಂದ ಪ್ರಯತ್ನಿಸಿದರು. ಆದರೆ ಹಗುರವಾಗಲೆಂದು ಬಳಸಿದ ಆ ತೆಳು ನೈಲಾನಿನಲ್ಲಿ ಸೂಜಿ ತೂರಿದ ಸಾಲಿನುದ್ದಕ್ಕೂ ಮತ್ತೆ ಸೀಳು ಬಿಡುತ್ತಿತ್ತು. ಊರಿಗೆ ಬಂದು ಮಾರಿದವರಿಗೆ ಬರೆದಾಗ, ಮೂಲ ಬಿಲ್ಲಿನೊಂದಿಗೆ ಪಾರ್ಸೆಲ್ ಕಳುಹಿಸಲು ಹೇಳಿ, ತಿಂಗಳ ನಂತರ ಇದು ಸಹಜ ಸವೆತವಾದ್ದರಿಂದ ಖಾತರಿಯೊಳಗೆ ಬರುವುದಿಲ್ಲವೆಂದು ಹಿಂದಿರುಗಿಸಿದರು. ಅದೇ ಚೀಲವನ್ನು ಕಪಾಟಿನಲ್ಲಿಟ್ಟಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನ ಲೇಪ ಬೆಲ್ಲದ ಪಾಕದಂತೆ ಅಂಟತೊಡಗಿತು. ನೀರು ತಡೆಯಲು ಬಟ್ಟೆಗೆ ಬಳಿಯುವ ಪಾಲಿಯುರೆಥೇನ್ ತೇವದ ಗಾಳಿಯಲ್ಲಿ ಕ್ರಮೇಣ ಶಿಥಿಲವಾಗುತ್ತದೆ. ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಊರಿನಲ್ಲಿ ಇದನ್ನು ಕೊಳ್ಳುವ ಮುಂಚೆಯೇ ಯೋಚಿಸಬೇಕಿತ್ತು.

ಹುಡ್ ಅಂಗಡಿಗೆ ಹೋದದ್ದು ಆ ಹರಿದ ಚೀಲವನ್ನು ರಿಪೇರಿ ಮಾಡಿಸಲಿಕ್ಕೆ. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ, “ಮಾಷ್ಟ್ರೇ, ಇದು ಬಟ್ಟೆಯಲ್ಲ, ಕಾಗದ” ಎಂದರು. ಮಲೆಯ ಮೇಲಿನ ಎಸ್ಟೇಟುಗಳಿಗೆ ಸಾಮಾನು, ಜನ ಹೊತ್ತು ಏರಿಳಿಯುವ ಜೀಪುಗಳ ಹುಡ್‌ಗಳನ್ನು ಮೂವತ್ತು ವರ್ಷಗಳಿಂದ ಹೊಲಿದವರು ಅವರು. ಹುಡ್ಡು ಹರಿಯುವುದು ಭಾರಕ್ಕಲ್ಲ, ಕುಲುಕಿಗೆ. ಎಲ್ಲಿ ಆಡುತ್ತದೋ ಅಲ್ಲಿ ಹರಿಯುತ್ತದೆ ಎಂಬುದು ಅವರ ಮೊದಲ ಪಾಠ. “ಹಾಗಾದರೆ ಆಡದ ಹಾಗೆ ಹೊಲಿದುಕೊಡಿ ಅಣ್ಣಾ” ಎಂದೆ. “ಹೊಲಿಗೆಯಿಂದ ಆಗುವ ಕೆಲಸ ಅಲ್ಲ ಅದು, ಕಟ್ಟುವುದರಿಂದ ಆಗಬೇಕು, ಸೈಕಲನ್ನು ಇಲ್ಲಿಗೇ ತನ್ನಿ” ಎಂದರು. ಸೈಕಲ್ ಚೀಲ ಮಾರುವ ಯಾವ ಅಂಗಡಿಯಲ್ಲಿಯೂ ನನಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಅಲ್ಲೆಲ್ಲ ಕೇಳುತ್ತಿದ್ದದ್ದು ಎಷ್ಟು ಲೀಟರಿನದು ಬೇಕು, ಯಾವ ಬಣ್ಣದ್ದು ಬೇಕು ಎಂದು.

ಅಳತೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಅಂಗಡಿಯ ಮುಖ್ಯ ಗುಣ ಅಲ್ಲೇ ಇದೆ. ನಾನು ಐದಡಿ ನಾಲ್ಕಿಂಚಿನ ಮನುಷ್ಯ; ನನ್ನ ಸೈಕಲ್ಲಿನ ಚೌಕಟ್ಟು ಸಣ್ಣದು, ಚಕ್ರಗಳು ಮಾತ್ರ 29 ಇಂಚಿನವು. ಸೀಟಿಗೂ ಹಿಂದಿನ ಟಯರಿಗೂ ನಡುವೆ ಇರುವುದು ಹದಿನೇಳು ಸೆಂಟಿಮೀಟರ್. ಎತ್ತರದವರ ಸೈಕಲ್ಲನ್ನು ಎದುರಿಗಿಟ್ಟುಕೊಂಡು ಮಾಡಿದ ಹದಿನಾಲ್ಕು ಲೀಟರಿನ ಚೀಲವನ್ನು ಅಲ್ಲಿ ಕಟ್ಟಿದರೆ ಪ್ರತಿ ಗುಂಡಿಗೂ ಅದರ ತಳ ಟಯರಿಗೆ ಮುತ್ತಿಡುತ್ತದೆ. ಹಾಗಾಗದಂತೆ ಮೇಲಕ್ಕೆ ಎಳೆದು ಕಟ್ಟಿದರೆ ತುದಿ ಹಿಂದಕ್ಕೆ ಚಾಚಿ, ಬಾಲ ಅಲ್ಲಾಡಿಸಿದಂತೆ ಆಡುತ್ತದೆ. ಅಂಗಡಿಯವರು ರಟ್ಟಿನ ಹಾಳೆಯನ್ನು ಚೌಕಟ್ಟಿಗೆ ಒತ್ತಿ ಹಿಡಿದು ತ್ರಿಕೋನದ ಆಕಾರವನ್ನು ಗೆರೆ ಹಾಕಿಕೊಂಡರು, ಬಾಟಲಿ ಸ್ಟ್ಯಾಂಡಿನ ತಿರುಪುಗಳು ಎಲ್ಲಿ ಬರುತ್ತವೆ ಎಂಬುದನ್ನು ಗುರುತಿಸಿಕೊಂಡರು, ಗೇರಿನ ಮತ್ತು ಬ್ರೇಕಿನ ಕೇಬಲ್ ಹೋಗುವ ದಾರಿಯನ್ನು ಬಿಟ್ಟು ಪಟ್ಟಿಗಳ ಜಾಗ ನಿಶ್ಚಯಿಸಿದರು. ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿ, ಪೆಡಲ್ ತಿರುಗಿಸಲು ಹೇಳಿ, ತೊಡೆಯ ಹಿಂಭಾಗ ಎಲ್ಲಿಗೆ ಬರುತ್ತದೆ ಎಂಬುದನ್ನು ನೋಡಿ ಸೀಟಿನ ಚೀಲದ ಮೂತಿಯನ್ನು ಎರಡು ಬೆರಳಿನಷ್ಟು ಕಿರಿದುಗೊಳಿಸಿದರು. ಷರಟು ಹೊಲಿಯಲು ಕೊಟ್ಟಾಗಲೂ ನನ್ನ ಅಳತೆಯನ್ನು ಯಾರೂ ಇಷ್ಟು ಹೊತ್ತು ತೆಗೆದದ್ದಿಲ್ಲ.

ಬಳಸಿದ ಬಟ್ಟೆ ಲಾರಿಯ ಟರ್ಪಾಲಿಗೆ ಹಾಕುವ ಪಿವಿಸಿ ಲೇಪದ ಪಾಲಿಯೆಸ್ಟರ್, ಚದರ ಮೀಟರಿಗೆ ಸುಮಾರು 650 ಗ್ರಾಂ ತೂಗುವಂಥದ್ದು. ಪಟ್ಟಿಗಳಿಗೆ ಸೀಟು ಬೆಲ್ಟಿನಷ್ಟು ಗಟ್ಟಿಯಾದ ನೈಲಾನ್ ನವಾರು. ಅವು ಚೀಲಕ್ಕೆ ಸೇರುವಲ್ಲೆಲ್ಲ ಒಳಗಿನಿಂದ ಅಂಗೈಯಗಲದ ಇನ್ನೊಂದು ತುಂಡು ಕೊಟ್ಟು, ಚೌಕ ಹಾಕಿ ಅದರೊಳಗೆ ಕತ್ತರಿ ಗುರುತಿನ ಹೊಲಿಗೆ ಹಾಕಿದ್ದಾರೆ. ಬ್ರಾಂಡಿನ ಚೀಲದಲ್ಲಿ ಅದೇ ಜಾಗದಲ್ಲಿ ಇದ್ದದ್ದು ಒಂದೇ ಸಾಲಿನ ಹೊಲಿಗೆ. ಸೀಟಿನ ಚೀಲದ ತಳ ಕುಸಿಯದಂತೆ ಏನಾದರೂ ಗಟ್ಟಿಯಾದದ್ದು ಬೇಕೆಂದಾಗ ಅವರು ಮೊದಲು ತೋರಿಸಿದ್ದು ಅಡಿಕೆ ಹಾಳೆಯನ್ನು. ಅದು ಬೂಸಲು ಹಿಡಿಯುತ್ತದೆ ಎಂದು ನಾನು ಆಕ್ಷೇಪಿಸಿದ ಮೇಲೆ ತೆಂಗಿನೆಣ್ಣೆಯ ಹಳೆಯ ಕ್ಯಾನೊಂದನ್ನು ಕೊಯ್ದು, ಆ ಪ್ಲಾಸ್ಟಿಕ್ಕನ್ನು ಬಿಸಿನೀರಿನಲ್ಲಿ ಬಗ್ಗಿಸಿ ತಳದಲ್ಲಿ ಕೂರಿಸಿದರು. ಚೀಲದೊಳಗೆ ಮೊದಲ ಎರಡು ತಿಂಗಳು ತೆಂಗಿನೆಣ್ಣೆಯ ವಾಸನೆ ಇತ್ತೆಂಬುದನ್ನು ಬಿಟ್ಟರೆ ಆ ತಳದ ಬಗ್ಗೆ ಇಂದಿನವರೆಗೆ ನನಗೆ ದೂರಿಲ್ಲ. ಚೌಕಟ್ಟಿನ ಬಣ್ಣ ಉಜ್ಜಿಹೋಗದಂತೆ ಪಟ್ಟಿಗಳ ಒಳಮೈಗೆ ಹಳೆಯ ಟ್ಯೂಬಿನ ರಬ್ಬರನ್ನು ಹೊಲಿದದ್ದು ಅವರದೇ ಯೋಚನೆ. ಕೆಸರು ಮತ್ತು ಮುರಕಲ್ಲಿನ ಪುಡಿ ಪಟ್ಟಿಯಡಿ ಸೇರಿದರೆ ಅದು ಮರಳು ಕಾಗದದಂತೆ ಕೆಲಸ ಮಾಡುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೆ ಪರಿಹಾರ ಹೊಳೆದಿರಲಿಲ್ಲ.

2023ರಲ್ಲಿ ನಾನು ಕೊಟ್ಟ ಬೆಲೆ, ಚೌಕಟ್ಟಿನದಕ್ಕೆ 1,400, ಸೀಟಿನದಕ್ಕೆ 1,600, ಹ್ಯಾಂಡಲಿನದಕ್ಕೆ 1,200, ಒಟ್ಟು 4,200 ರೂಪಾಯಿ. ತೂಕ, ಮೂರೂ ಸೇರಿ 1,960 ಗ್ರಾಂ. ಬ್ರಾಂಡಿನ ಮೂರೂ ಸೇರಿ 1,150 ಗ್ರಾಂ ಇದ್ದವು. ಎಂಟುನೂರು ಗ್ರಾಂ ಹೆಚ್ಚು ಹೊರುವುದು ಸಣ್ಣ ಮಾತೆಂದು ನಾನು ಹೇಳುವುದಿಲ್ಲ. ಅದು ಒಂದು ಲೀಟರು ನೀರಿಗೆ ಹತ್ತಿರದ ಭಾರ. ಏರು ಹಾದಿಯಲ್ಲಿ ಕಾಲು ಅದನ್ನು ಲೆಕ್ಕವಿಡುತ್ತದೆ. ಆದರೂ ಇಪ್ಪತ್ತೆರಡು ಸಾವಿರದ ವ್ಯತ್ಯಾಸದಲ್ಲಿ ಸೈಕಲ್ಲಿಗೆ ಒಳ್ಳೆಯ ಟಯರು, ಚಿಕ್ಕ ಹಲ್ಲುಚಕ್ರ ಎರಡನ್ನೂ ಹಾಕಿಸಿಕೊಂಡರೆ ಏರು ಹಾದಿಗೆ ಅದರಿಂದಾಗುವ ಉಪಕಾರ ಎಂಟುನೂರು ಗ್ರಾಮಿಗಿಂತ ದೊಡ್ಡದು. ನಾನು ಮುಂದಿನ ಹಲ್ಲುಚಕ್ರವನ್ನು 32ರಿಂದ 28 ಹಲ್ಲಿನದಕ್ಕೆ ಇಳಿಸಿದೆ.

ಮೊದಲ ದೊಡ್ಡ ಪರೀಕ್ಷೆ 2023ರ ಅಕ್ಟೋಬರಿನಲ್ಲಿ ನಡೆಯಿತು. 2018 ಮತ್ತು 2020ರ ಆಗಸ್ಟ್ ತಿಂಗಳುಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೋಡಿದ ಮೇಲೆ ಜಡಿಮಳೆಯಲ್ಲಿ ಆ ಘಟ್ಟ ಏರುವ ಹುಚ್ಚು ನನಗಿಲ್ಲ. ಆದ್ದರಿಂದ ಪೂಜಾ ರಜೆಯವರೆಗೆ ಕಾದೆ. ಮುಳ್ಳೇರಿಯಾದಿಂದ ಬಂದಡ್ಕ, ಅಲ್ಲಿಂದ ಪಾಣತ್ತೂರು, ಗಡಿ ದಾಟಿ ಕರಿಕೆ, ಕಾಡಿನ ನಡುವಿನ ಏರನ್ನು ಮುಗಿಸಿ ಭಾಗಮಂಡಲ, ಅಲ್ಲಿಂದ ಎಂಟು ಕಿ.ಮೀ. ಮೇಲಿನ ತಲಕಾವೇರಿ, ಹಿಂದಿರುಗುವಾಗ ಮಡಿಕೇರಿ, ಸಂಪಾಜೆ, ಸುಳ್ಯ, ಜಾಲ್ಸೂರು, ಆದೂರು. ನಾಲ್ಕು ದಿನಗಳ ಸುತ್ತು. ಮುಖ್ಯ ರಸ್ತೆಯಲ್ಲೇ ಹೋದರೆ ಚೀಲಕ್ಕೆ ಪರೀಕ್ಷೆಯಾಗುವುದಿಲ್ಲವೆಂದು ಬಂದಡ್ಕದ ಆಚೆಗೆ ರಬ್ಬರು ತೋಟಗಳ ನಡುವಿನ ಜೀಪು ಹಾದಿಗಳನ್ನು ಹಿಡಿದೆ. ಅಲ್ಲಿಯ ಜೀಪು ಹಾದಿಯೆಂದರೆ ಮಧ್ಯೆ ಹುಲ್ಲು, ಎರಡು ಪಕ್ಕದಲ್ಲಿ ಮಳೆನೀರು ಕೊರೆದ ಚರಂಡಿ, ಚರಂಡಿಯೊಳಗೆ ಕಿತ್ತುಬಂದ ಮುರಕಲ್ಲು. ಇಲ್ಲಿ ಸೀಟಿನ ಚೀಲ ಅಲುಗಾಡಲಿಲ್ಲ ಎಂದರೆ ಅತಿಶಯವೆನಿಸಬಹುದು, ಆದರೆ ನಿಜ. ಸೀಟಿನ ಸರಳುಗಳಿಗೆ ಎರಡು, ಸೀಟಿನ ಕೊಳವೆಗೆ ಎರಡು, ಹೀಗೆ ನಾಲ್ಕು ಕಡೆ ಬಿಗಿದ ಪಟ್ಟಿಗಳು ಅದನ್ನು ಚೌಕಟ್ಟಿನ ಭಾಗವನ್ನಾಗಿಸಿದ್ದವು.

ಎರಡು ದೋಷಗಳು ಮಾತ್ರ ಆ ನಾಲ್ಕು ದಿನಗಳಲ್ಲಿ ಎದ್ದು ಕಂಡವು. ಮೊದಲನೆಯದು, ಚೌಕಟ್ಟಿನ ಚೀಲ ತುಂಬಿದಾಗ ಹೊಟ್ಟೆ ಬಂದಂತೆ ಎರಡು ಪಕ್ಕಕ್ಕೂ ಉಬ್ಬಿ, ಮೊಣಕಾಲಿಗೆ ಉಜ್ಜುತ್ತಿತ್ತು. ಅದರ ಅಗಲವನ್ನು ಎಂಟು ಸೆಂಟಿಮೀಟರ್ ಇಟ್ಟದ್ದೇ ತಪ್ಪು, ಮತ್ತು ಆ ತಪ್ಪು ನನ್ನದು. ಹೆಚ್ಚು ಸಾಮಾನು ಹಿಡಿಸಲಿ ಎಂಬ ಆಸೆಗೆ ನಾನೇ ಹೇಳಿದ ಅಳತೆ. ಹಿಂದಿರುಗಿದ ಮೇಲೆ ಅದನ್ನು ಆರಕ್ಕೆ ಇಳಿಸಿ, ಒಳಗೆ ನಡುವೆ ಅಡ್ಡಲಾಗಿ ಒಂದು ಪದರವನ್ನು ಎರಡು ಗೋಡೆಗಳಿಗೂ ಸೇರಿಸಿ ಹೊಲಿಸಿದೆ. ಈಗ ಉಬ್ಬಲು ಅವಕಾಶವೇ ಇಲ್ಲ. ಈ ತಿದ್ದುಪಡಿಗೆ ಅವರು ತೆಗೆದುಕೊಂಡದ್ದು ನೂರೈವತ್ತು ರೂಪಾಯಿ.

ಎರಡನೆಯ ದೋಷ ಅಂಗಡಿಯವರದ್ದು, ಮತ್ತು ಅದು ಗಂಭೀರವಾದದ್ದು: ಈ ಚೀಲಗಳೊಳಗೆ ನೀರು ಬರುತ್ತದೆ. ಬಟ್ಟೆಯಿಂದಲ್ಲ, ಹೊಲಿಗೆಯ ತೂತುಗಳಿಂದ. ದುಬಾರಿ ಚೀಲಗಳಲ್ಲಿ ಹೊಲಿಗೆಯ ಸಾಲಿಗೆ ಒಳಗಿನಿಂದ ಪಟ್ಟಿ ಅಂಟಿಸಿರುತ್ತಾರೆ, ಅಥವಾ ಹೊಲಿಯದೆಯೇ ಬಿಸಿಯಿಂದ ಬೆಸೆದಿರುತ್ತಾರೆ. ಜೀಪಿನ ಹುಡ್ಡಿನಲ್ಲಿ ನಾಲ್ಕು ಹನಿ ಸೋರಿದರೆ ಯಾರೂ ಕೇಳುವುದಿಲ್ಲವಾದ್ದರಿಂದ ಈ ಅಂಗಡಿಗೆ ಆ ಚಿಂತೆಯೇ ಇಲ್ಲ. ಕರಿಕೆಯ ಏರಿನಲ್ಲಿ ಸುರಿದ ಒಂದೂವರೆ ಗಂಟೆಯ ಮಳೆಗೆ ಹ್ಯಾಂಡಲಿನ ಚೀಲದೊಳಗೆ ಅರ್ಧ ಲೋಟದಷ್ಟು ನೀರು ನಿಂತಿತ್ತು. ಜಿಗಣೆ ಕಿತ್ತುಹಾಕುತ್ತ ನಿಂತಿದ್ದ ನನಗೆ ಒಣ ಬನಿಯನ್ ಕೂಡ ಉಳಿಯಲಿಲ್ಲ. ದೂರಿದಾಗ ಅಂಗಡಿಯವರು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕೊಟ್ಟೆಯನ್ನು ತೋರಿಸಿ, “ಇದರೊಳಗೆ ಬಟ್ಟೆ ಹಾಕಿ ಬಾಯಿ ತಿರುಚಿ ಕಟ್ಟಿ, ಮಾಷ್ಟ್ರೇ” ಎಂದರು. ಪರಿಹಾರ ಸರಿಯಾದದ್ದೇ, ಅನುಭವಿ ಸವಾರರೂ ಒಳಗೊಂದು ಚೀಲ ಹಾಕುತ್ತಾರೆ. ಆದರೆ ದುಡ್ಡು ತೆಗೆದುಕೊಂಡು ಹೊಲಿದುಕೊಟ್ಟವರು ಹೇಳಬೇಕಾದ ಉತ್ತರ ಅದಲ್ಲ. ಕೊನೆಗೆ ನಾನು ಮಳೆಗಾಲದಲ್ಲಿ ರಬ್ಬರು ಮರಗಳಿಗೆ ಪ್ಲಾಸ್ಟಿಕ್ ಲಂಗ ಅಂಟಿಸಲು ಬಳಸುವ ಕಪ್ಪು ಡಾಮರಿನಂಥ ಅಂಟನ್ನು ಪರಿಚಯದ ತೋಟದಿಂದ ತಂದು, ಒಳಗಿನ ಹೊಲಿಗೆಯ ಸಾಲುಗಳಿಗೆಲ್ಲ ತೆಳ್ಳಗೆ ಬಳಿದು, ಮೇಲೆ ಪ್ಲಾಸ್ಟಿಕ್ಕಿನ ಪಟ್ಟಿ ಒತ್ತಿದೆ. ಸೋರುವುದು ನಿಂತಿತು. ಎರಡು ಷರಟುಗಳಿಗೆ ಹತ್ತಿದ ಕಪ್ಪು ಕಲೆ ಇನ್ನೂ ಹೋಗಿಲ್ಲ, ಮತ್ತು ಮನೆಯಲ್ಲಿ ಆ ಬಗ್ಗೆ ಈಗಲೂ ಮಾತು ಬರುತ್ತದೆ.

ಹ್ಯಾಂಡಲಿನ ಚೀಲದ ಬಗ್ಗೆ ಇನ್ನೊಂದು ಎಚ್ಚರಿಕೆ ಅಗತ್ಯ. ನನ್ನ ಸೈಕಲ್ಲಿನ ಮುಂದಿನ ಫೋರ್ಕು, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ಕುಲುಕಿದಾಗ ನೂರು ಮಿಲಿಮೀಟರಿನವರೆಗೆ ಕುಗ್ಗುತ್ತದೆ. ನಿಂತ ಸೈಕಲ್ಲಿನಲ್ಲಿ ಚೀಲಕ್ಕೂ ಟಯರಿಗೂ ನಡುವೆ ಎಷ್ಟು ಅಂತರವಿದೆ ಎಂದು ನೋಡಿ ಸಮಾಧಾನಪಟ್ಟರೆ ಸಾಲದು. ಆ ಅಂತರದಿಂದ ಹತ್ತು ಸೆಂಟಿಮೀಟರ್ ಕಳೆದ ಮೇಲೂ ಜಾಗ ಉಳಿಯಬೇಕು. ಸಂಪಾಜೆ ಘಟ್ಟ ಇಳಿಯುವಾಗ ಒಂದು ಗುಂಡಿಗೆ ಬಿದ್ದ ಕ್ಷಣ ಟಯರು ಚೀಲಕ್ಕೆ ತಗಲಿ ಬರ್ರೆಂದು ಸದ್ದಾಯಿತು, ಸೈಕಲ್ಲು ಒಂದು ಗಳಿಗೆ ತಡೆದಂತಾಯಿತು. ಇನ್ನೂ ಒಂದಂಗುಲ ಕೆಳಗಿದ್ದರೆ ಚಕ್ರವೇ ಕಚ್ಚಿಕೊಂಡು ನಾನು ಹ್ಯಾಂಡಲಿನ ಮೇಲಿಂದ ಹಾರಿ ಬೀಳುತ್ತಿದ್ದೆ. ಜೀಪಿನ ಲೆಕ್ಕದಲ್ಲಿ ಪಳಗಿದ ಅಂಗಡಿಯವರಿಗೆ ಈ ಸಂಗತಿ ಗೊತ್ತಿರಲಾರದು, ಅಳತೆ ಕೊಡುವವರೇ ಹೇಳಬೇಕು. ಈಗ ಚೀಲವನ್ನು ಎರಡು ಫೋಮ್ ತುಂಡುಗಳ ಆಸರೆಯಲ್ಲಿ ಮುಂದಕ್ಕೂ ಮೇಲಕ್ಕೂ ಸರಿಸಿ ಕಟ್ಟುತ್ತೇನೆ, ಅದರೊಳಗೆ ಡೇರೆಯನ್ನು ಬಿಟ್ಟು ಬೇರೇನೂ ಇಡುವುದಿಲ್ಲ. ಉಪಕರಣ, ಒಲೆ, ಅಕ್ಕಿ, ನೀರು, ಹೀಗೆ ಭಾರವಾದದ್ದೆಲ್ಲ ಚೌಕಟ್ಟಿನ ಚೀಲದ ತಳಕ್ಕೆ. ಹಗುರವಾಗಿದ್ದು ಜಾಗ ತಿನ್ನುವ ಬಟ್ಟೆ, ಹಾಸಿಗೆ ಸೀಟಿನ ಹಿಂದಕ್ಕೆ. ಭಾರ ಕೆಳಗೆ, ನಡುವೆ ಇದ್ದಷ್ಟೂ ಸೈಕಲ್ಲು ಹೇಳಿದ ಮಾತು ಕೇಳುತ್ತದೆ.

2024ರ ಸೆಪ್ಟೆಂಬರಿನಲ್ಲಿ, ಓಣಂ ರಜೆಗೆ ಎಂಟು ದಿನಗಳ ರಜೆ ಸೇರಿಸಿ, ಮತ್ತೆ ಅದೇ ಗ್ರಾಂಫೂ, ಛತ್ರು, ಬಾತಲ್ ಹಾದಿಗೆ ಹೋದೆ. ಒಂದೇ ಹಾದಿ, ಒಂದೇ ಸೈಕಲ್ಲು, ಹೆಚ್ಚು ಕಡಿಮೆ ಒಂದೇ ಭಾರ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಹಿಂದಿನ ಸಲ ಹರಿದ ಜಾಗಕ್ಕೆ ಬಂದಾಗ ಇಳಿದು ಪಟ್ಟಿಗಳನ್ನು ಮುಟ್ಟಿ ನೋಡಿದೆ. ಒಂದು ನೂಲು ಕೂಡ ಸಡಿಲಿರಲಿಲ್ಲ. ಆದರೆ ಬೇರೊಂದು ಕಷ್ಟ ಎದುರಾಯಿತು. ಪಿವಿಸಿಯನ್ನು ಮೃದುವಾಗಿಸಲು ಅದಕ್ಕೆ ಬೆರೆಸುವ ಪದಾರ್ಥ ಚಳಿಯಲ್ಲಿ ತನ್ನ ಕೆಲಸ ಮರೆಯುತ್ತದೆ. ಬಾತಲ್‌ನಲ್ಲಿ ಬೆಳಗ್ಗೆ ಐದೂವರೆಗೆ, ಬಾಟಲಿಯ ನೀರಿನ ಮೇಲೆ ತೆಳು ಮಂಜುಗಡ್ಡೆ ಕಟ್ಟಿದ್ದಾಗ, ಸೀಟಿನ ಚೀಲದ ಬಾಯಿ ಒಣಗಿದ ಅಡಿಕೆ ಹಾಳೆಯಂತೆ ಸೆಟೆದು ನಿಂತಿತ್ತು. ಮೂರು ಸುತ್ತು ಸುತ್ತಿ ಬಕ್ಕಲ್ ಹಾಕಬೇಕಾದದ್ದು ಒಂದು ಸುತ್ತಿಗೂ ಒಗ್ಗದೆ, ಅಂಗೈಯಲ್ಲಿ ಉಜ್ಜಿ, ಬಿಸಿ ಚಹಾದ ಲೋಟ ಒತ್ತಿ, ಇಪ್ಪತ್ತು ನಿಮಿಷ ಕಳೆದೆ. ತೊರೆಗಳನ್ನು ಬೇಗ ದಾಟಬೇಕಾದ ಹಾದಿಯಲ್ಲಿ ಇಪ್ಪತ್ತು ನಿಮಿಷ ಸಣ್ಣದಲ್ಲ. ಮಡಿಕೆಯ ಜಾಗದಲ್ಲಿ ಲೇಪ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದನ್ನು ಊರಿಗೆ ಬಂದ ಮೇಲೆ ಕಂಡೆ. ಕೊಡಗು, ನೀಲಗಿರಿಯ ಚಳಿಗೆ ಈ ಬಟ್ಟೆ ಧಾರಾಳ ಸಾಕು. ನೀರು ಹೆಪ್ಪುಗಟ್ಟುವ ಎತ್ತರಕ್ಕೆ ಹೋಗುವವರು ಕನಿಷ್ಠ ಬಾಯಿಯ ಭಾಗಕ್ಕಾದರೂ ಲೇಪವಿಲ್ಲದ ದಪ್ಪ ನೈಲಾನ್ ಹಾಕಿಸಿಕೊಳ್ಳಬೇಕು. ಅಂಥ ಬಟ್ಟೆ ಅಂಗಡಿಯಲ್ಲಿ ಇರುವುದಿಲ್ಲ, ನಾವೇ ತಂದುಕೊಡಬೇಕು.

ಕುಂಜುಮಿನಾಚೆಯ ಲೋಸರ್ ಹಳ್ಳಿ ದಾಟಿದ ಮೇಲೆ ಚೌಕಟ್ಟಿನ ಚೀಲದ ಜಿಪ್ ಕೈಕೊಟ್ಟಿತು. ಸ್ಪಿತಿಯ ಧೂಳು ಗೋಧಿ ಹಿಟ್ಟಿನಷ್ಟು ನುಣುಪು. ಅದು ಹಲ್ಲುಗಳ ನಡುವೆ ಸೇರಿ, ರನ್ನರ್ ಬಾಯಗಲಿಸಿ, ಎಳೆದಷ್ಟೂ ಹಿಂದಿನಿಂದ ತೆರೆದುಕೊಳ್ಳುತ್ತಿತ್ತು. ಇಕ್ಕಳದಿಂದ ರನ್ನರಿನ ಎರಡು ಪಕ್ಕಗಳನ್ನು ಮೆಲ್ಲಗೆ ಅಮುಕಿ, ಹಲ್ಲುಗಳನ್ನು ನೀರಿನಿಂದ ತೊಳೆದು, ಮೇಣದ ಬತ್ತಿ ಉಜ್ಜಿದೆ, ಕಾಜಾವರೆಗೆ ಹೋಯಿತು. ಇದು ಯಾವ ಚೀಲಕ್ಕೂ ತಪ್ಪಿದ್ದಲ್ಲ. ಆದರೆ ಆಗ ಇಕ್ಕಳ ಹುಡುಕುತ್ತ ಚೀಲದ ಒಳಜೇಬಿಗೆ ಕೈಹಾಕಿದರೆ, ಅಲ್ಲಿ ಒಂದು ದಪ್ಪ ಸೂಜಿ, ಒಂದು ಮಾರು ಮೇಣ ಹಚ್ಚಿದ ನೈಲಾನ್ ನೂಲು, ಅಂಗೈಯಗಲದ ಎರಡು ಟರ್ಪಾಲು ತುಂಡು, ಒಂದು ಹೆಚ್ಚಿನ ರನ್ನರ್, ಎಲ್ಲವನ್ನೂ ರಬ್ಬರು ಬ್ಯಾಂಡಿನಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ, ಲೆಕ್ಕಕ್ಕೂ ಸೇರಿಸಿರಲಿಲ್ಲ. ಕಾಜಾದಲ್ಲಿ ಅದೇ ಚಪ್ಪಲಿ ಹೊಲಿಯುವವರ ಬಳಿ ಹೋಗಿ ಆ ರನ್ನರನ್ನು ಹಾಕಿಸಿಕೊಂಡೆ. ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಹೊಲಿಯಬಹುದು ಎಂದು ಅವರು ತಲೆಯಾಡಿಸಿದರು.

ಇನ್ನು ಅಂಗಡಿಯ ಸೇವೆಯ ವಿಷಯ. ಸಮಯದ ಬಗ್ಗೆ ಅವರ ಮಾತನ್ನು ನಂಬಬಾರದು. ಶನಿವಾರ ಕೊಡುತ್ತೇನೆ ಎಂದದ್ದು ಐದು ಶನಿವಾರಗಳಾದವು. ಫೋನು ಎತ್ತುವುದಿಲ್ಲ, ಎತ್ತಿದರೂ “ಆಗ್ತಾ ಉಂಟು” ಎಂಬುದರಾಚೆ ಸುದ್ದಿ ಸಿಗುವುದಿಲ್ಲ. ಬಿಲ್ಲು ಕೊಡುವ ಪದ್ಧತಿ ಇಲ್ಲ. ಬಣ್ಣಗಳು ಮೂರೇ: ನೀಲಿ, ಹಸಿರು, ಮತ್ತು ಮಿಲಿಟರಿಯವರ ಹಸಿರು. ಮುಂಗಡ ಕೇಳುವುದಿಲ್ಲ ಎಂಬುದು ಗುಣವೋ ದೋಷವೋ ನನಗೆ ಹೇಳಲಾಗದು, ಏಕೆಂದರೆ ಮುಂಗಡ ಕೊಡದವರ ಕೆಲಸ ಸಾಲಿನ ಹಿಂದಕ್ಕೆ ಸರಿಯುತ್ತದೆ ಎಂಬ ಸಂಶಯ ನನಗಿದೆ. ರಿಪೇರಿಗೆ ಮಾತ್ರ ಕಾಯಿಸಿದ್ದಿಲ್ಲ. ಹೊಸ ಕೆಲಸ ಎಷ್ಟಿದ್ದರೂ ತಾವು ಹೊಲಿದದ್ದು ಹರಿದು ಬಂದರೆ ಅದನ್ನು ಮೊದಲು ಎತ್ತಿಕೊಳ್ಳುತ್ತಾರೆ.

ನೋಡಲು ಚೆನ್ನಾಗಿರಬೇಕು, ಹಗುರವಿರಬೇಕು, ಪಂದ್ಯಕ್ಕೆ ಹೋಗಬೇಕು ಎನ್ನುವವರಿಗೆ ಈ ಚೀಲಗಳನ್ನು ನಾನು ಸೂಚಿಸುವುದಿಲ್ಲ. ಸಣ್ಣ ಚೌಕಟ್ಟಿನ ಸೈಕಲ್ಲಿರುವವರಿಗೆ, ತಮ್ಮ ಅಳತೆ ತಮಗೆ ಗೊತ್ತಿರುವವರಿಗೆ, ಹೊಲಿಗೆಯ ತೂತುಗಳನ್ನು ತಾವೇ ಮುಚ್ಚಿಕೊಳ್ಳುವ ತಾಳ್ಮೆ ಇರುವವರಿಗೆ, ಮತ್ತು ದಾರಿಯಲ್ಲಿ ಹರಿದರೆ ದಾರಿಯಲ್ಲೇ ಹೊಲಿಸಬಹುದಾದದ್ದು ಬೇಕೆನ್ನುವವರಿಗೆ ಧೈರ್ಯವಾಗಿ ಹೇಳುತ್ತೇನೆ. ಸಂಖ್ಯೆಯಲ್ಲಿ ಹೇಳಬೇಕೆಂದರೆ ಸೀಟಿನ ಚೀಲಕ್ಕೆ ಐದರಲ್ಲಿ ನಾಲ್ಕೂವರೆ, ತಿದ್ದಿಸಿದ ಚೌಕಟ್ಟಿನ ಚೀಲಕ್ಕೆ ನಾಲ್ಕು, ಹ್ಯಾಂಡಲಿನದಕ್ಕೆ ಎರಡೂವರೆ.

ಹೋಗುವವರು ಸೈಕಲ್ಲನ್ನು ಜೊತೆಗೇ ಒಯ್ಯಿರಿ, ಒಯ್ಯಬೇಕಾದ ಸಾಮಾನನ್ನೂ ಒಯ್ಯಿರಿ. ಖಾಲಿ ಸೈಕಲ್ಲಿಗೆ ತೆಗೆದ ಅಳತೆ ಸರಿಬರುವುದಿಲ್ಲ. ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ ಮಾತ್ರ ಆ ಕಡೆ ತಲೆಹಾಕಬೇಡಿ. ಆಗ ಮಳೆಗೆ ಮುಂಚೆ ಹುಡ್ ಬದಲಿಸಲು ಬಂದ ಜೀಪುಗಳು ರಸ್ತೆಯ ಎರಡು ಪಕ್ಕವೂ ಸಾಲಾಗಿ ನಿಂತಿರುತ್ತವೆ, ಸೈಕಲ್ ಚೀಲದ ಮಾತೆತ್ತಿದರೆ ಅಂಗಡಿಯವರು ಹೊಲಿಗೆ ಯಂತ್ರದಿಂದ ತಲೆಯೆತ್ತುವುದೂ ಇಲ್ಲ. ಫೋರ್ಕಿನ ಎರಡು ಪಕ್ಕಕ್ಕೆ ಕಟ್ಟುವ ಪುಟ್ಟ ಚೀಲಗಳಿಗೆಂದು ನಾನು ಕೊಟ್ಟ ರಟ್ಟಿನ ಅಚ್ಚು ಕಳೆದ ಮೇ ತಿಂಗಳಿನಿಂದ ಅಲ್ಲಿಯ ಗೋಡೆಯ ಮೊಳೆಗೆ ನೇತಾಡುತ್ತಿದೆ.